ಗೋಡೆ ಬಿದ್ದದ್ದೇಕೆ? ಊರು ಎದ್ದದ್ದು ಹೇಗೆ?

ಮಕ್ಕಳೇ, ಅಂದು 1993ರ ಸೆಪ್ಟೆಂಬರ್ 30. ಬೆಳಗಿನ ಜಾವ ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷಗಳಿದ್ದವು. ಆಗ ನಾನು ನಿಮ್ಮ ಹಾಗೆಯೇ ಏಳನೆಯ ತರಗತಿಯಲ್ಲಿದ್ದೆ. ಆಳಂದದ ಕಡೆಯ ನಮ್ಮ ಮನೆಯಲ್ಲಿ ತಾಮ್ರದ ಕೊಡಗಳು ತಾವಾಗಿಯೇ ಗಡಗಡ ಎಂದವು. ಅಜ್ಜಿ ನಮ್ಮನ್ನೆಲ್ಲ ಎಬ್ಬಿಸಿ ಅಂಗಳಕ್ಕೆ ಎಳೆದುಕೊಂಡು ಬಂದರು. ನಮ್ಮ ಮನೆ ಉಳಿಯಿತು. ಗಡಿಯಾಚೆ, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳು ಅಷ್ಟರಲ್ಲಿ ಕಲ್ಲುಮಣ್ಣಿನ ಗುಡ್ಡೆಗಳಾಗಿದ್ದವು. ಸತ್ತವರು ಎಂಟರಿಂದ ಹತ್ತು ಸಾವಿರ ಜನ.

ಆಗಿನ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಅತಿ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. 'ನಮ್ಮ ಕಡೆ ಭೂಕಂಪವೇ?' ಎಂದು ಯಾರೂ ಯೋಚಿಸಿರಲಿಲ್ಲ. (2002ರಲ್ಲಿ ಆ 1ನೇ ವಲಯವನ್ನೇ ನಕ್ಷೆಯಿಂದ ಕೈಬಿಡಲಾಯಿತು.)

ಭೂಕಂಪದ ಪ್ರಮಾಣ ಸುಮಾರು 6.2. ನೆಲ ನಡುಗಿದ್ದು ನಿಜ, ಆದರೆ ಜನರ ಪ್ರಾಣ ತೆಗೆದದ್ದು ಅವರದೇ ಮನೆಗಳು. ಎರಡು ಅಡಿಗೂ ದಪ್ಪನೆಯ ಕಲ್ಲಿನ ಗೋಡೆ, ನಡುವೆ ಕೆಸರುಮಣ್ಣು, ಮೇಲೆ ಮಣ್ಣಿನ ಮಾಳಿಗೆ. ನಮ್ಮ ಬೀದರ್, ಕಲಬುರಗಿ ಕಡೆಯ ಹಳೆಯ ಮನೆಗಳೂ ಹೀಗೆಯೇ. ಸೋರದಿರಲೆಂದು ಮಾಳಿಗೆಗೆ ಆಗಾಗ ಹೊಸ ಮಣ್ಣು ಹಾಕುತ್ತಾರಲ್ಲವೇ? ಅದರ ತೂಕ ಎಷ್ಟಾದೀತು? ಲೆಕ್ಕ ಮಾಡೋಣ. ಕೋಣೆ 3 ಮೀಟರ್ ಉದ್ದ, 3 ಮೀಟರ್ ಅಗಲ, ಮಣ್ಣು ಅರ್ಧ ಮೀಟರ್ ದಪ್ಪ ಎಂದುಕೊಳ್ಳಿ. ಗಾತ್ರ 4.5 ಘನ ಮೀಟರ್. ಒಂದು ಘನ ಮೀಟರ್ ಮಣ್ಣು ಸುಮಾರು 1,600 ಕಿಲೋ ತೂಗುತ್ತದೆ. ಒಟ್ಟು 7,200 ಕಿಲೋ! 144 ಸಿಮೆಂಟ್ ಚೀಲಗಳನ್ನು ತಲೆಯ ಮೇಲೆ ಹೊತ್ತು ಮಲಗಿದ ಹಾಗೆ.

ಬಸ್ಸು ತಟ್ಟನೆ ಹೊರಟಾಗ ನೀವು ಹಿಂದಕ್ಕೆ ವಾಲುತ್ತೀರಿ. ಅದು ಜಡತ್ವ. ನೆಲ ಸರಿದಾಗ ಮನೆಯ ಬುಡವೂ ಸರಿಯುತ್ತದೆ, ಮೇಲ್ಭಾಗ ಇದ್ದಲ್ಲೇ ಇರಲು ನೋಡುತ್ತದೆ. ಭಾರ ಹೆಚ್ಚಿದಷ್ಟೂ ಈ ಎಳೆದಾಟ ಹೆಚ್ಚು. ಇನ್ನೊಂದು ದೋಷವೂ ಇತ್ತು. ಆ ದಪ್ಪ ಗೋಡೆ ನಿಜವಾಗಿ ಒಂದಲ್ಲ, ಎರಡು. ಒಳಗೊಂದು ಸಾಲು, ಹೊರಗೊಂದು ಸಾಲು ಕಲ್ಲು. ನಡುವೆ ಚೂರುಕಲ್ಲು, ಮಣ್ಣು. ಎರಡನ್ನೂ ಹಿಡಿದಿಡುವ ಉದ್ದಗಲ್ಲುಗಳಿರಲಿಲ್ಲ. ಅಲುಗಾಡಿದೊಡನೆ ಎರಡೂ ಬೇರೆಯಾಗಿ ಕುಸಿದವು.

ಮಾಡಿ ನೋಡಿ: ಖಾಲಿ ಬೆಂಕಿಪೊಟ್ಟಣಗಳಿಗೆ ಮರಳು ತುಂಬಿ. ಒಂದು ಹಲಗೆಯ ಕೆಳಗೆ ನಾಲ್ಕು ದುಂಡನೆಯ ಪೆನ್ಸಿಲ್ ಇಡಿ. ಹಲಗೆಯ ಮೇಲೆ ಪೊಟ್ಟಣಗಳ ಎರಡು ಸಾಲುಗಳನ್ನು ಒತ್ತಾಗಿ ಜೋಡಿಸಿ ಗೋಡೆ ಕಟ್ಟಿ. ಹಲಗೆಯನ್ನು ಹಿಂದೆ ಮುಂದೆ ಅಲುಗಾಡಿಸಿ. ಎಷ್ಟು ಸಲಕ್ಕೆ ಬಿತ್ತು? ಮತ್ತೆ ಕಟ್ಟುವಾಗ ಎರಡು ಪದರಕ್ಕೊಮ್ಮೆ ಎರಡೂ ಸಾಲುಗಳ ಮೇಲೆ ಹಾಯುವಂತೆ ರಟ್ಟಿನ ಪಟ್ಟಿ ಇಡಿ. ಈಗ ಎಣಿಸಿ. ಕೊನೆಗೆ ಸುತ್ತಲೂ ದಾರ ಬಿಗಿದು ನೋಡಿ.

ಕಿಲ್ಲಾರಿಯ ನಂತರ ಎಂಜಿನಿಯರುಗಳು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಉಳಿದ ಮನೆಗಳ ಗೋಡೆಯಲ್ಲಿ ಆರಪಾರ ತೂತು ಮಾಡಿ, ಕಬ್ಬಿಣದ ಸರಳು ಇಟ್ಟು ಕಾಂಕ್ರೀಟ್ ತುಂಬಿದರು. ಮಾಳಿಗೆಯ ಮಣ್ಣು ಇಳಿಸಿದರು. ಹೊಸ ಮನೆಗಳಿಗೆ ಬಾಗಿಲಿನ ಮೇಲ್ಮಟ್ಟದಲ್ಲಿ ನಾಲ್ಕೂ ಗೋಡೆ ಸುತ್ತಿ ಕಾಂಕ್ರೀಟ್ ಪಟ್ಟಿ ಹಾಕಿದರು. ಅದೇ ನಿಮ್ಮ ದಾರ!

ಪೂರ್ತಿ ಹಾಳಾದ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟಲಾಯಿತು. ಮನೆಗಳು ಗಟ್ಟಿ, ರಸ್ತೆಗಳು ಅಗಲ. ಆದರೂ ಎಷ್ಟೋ ಜನರಿಗೆ ಹಿಡಿಸಲಿಲ್ಲ. ಹೊಲ ದೂರವಾಯಿತು, ಓಣಿಯ ನೆರೆಹೊರೆ ಚದುರಿತು, ದನ ಕಟ್ಟಲು ಜಾಗವಿಲ್ಲ. ನನ್ನ ಮಟ್ಟಿಗೆ ಇದು ಕಾಂಕ್ರೀಟಿನ ತಪ್ಪಲ್ಲ. ನಕ್ಷೆ ಬರೆಯುವ ಮೊದಲೇ ಊರವರನ್ನು ಕೇಳಬೇಕಿತ್ತು. ದುರಸ್ತಿ ನಡೆದ ಹಳ್ಳಿಗಳಲ್ಲಿ ಮಹಿಳಾ ಗುಂಪುಗಳೇ ಮುಂದೆ ಬಂದವು. ಮನೆಮನೆಗೆ ಹೋಗಿ ತಿಳಿಹೇಳಿದರು, ಕೆಲಸ ಸರಿಯಾಗಿದೆಯೇ ಎಂದು ನೋಡಿಕೊಂಡರು. 2001ರಲ್ಲಿ ಗುಜರಾತಿನ ಕಛ್‌ನಲ್ಲಿ ಭೂಕಂಪವಾದಾಗ ಈ ಕಡೆಯ ಮಹಿಳೆಯರು ಅಲ್ಲಿಗೂ ಹೋಗಿ ತಮ್ಮ ಅನುಭವ ಹೇಳಿಕೊಟ್ಟರು.

ಈ ಭಾನುವಾರ ನಿಮ್ಮ ಓಣಿಯ ಹಳೆಯ ಕಲ್ಲಿನ ಗೋಡೆಗಳನ್ನು ದೂರದಿಂದಲೇ ಗಮನಿಸಿ. ಮೂಲೆಗಳಲ್ಲಿ ಉದ್ದಗಲ್ಲುಗಳಿವೆಯೇ? ಎಲ್ಲಾದರೂ ಗೋಡೆ ಹೊಟ್ಟೆ ಬಿಟ್ಟಿದೆಯೇ? ಹೊಟ್ಟೆ ಬಿಟ್ಟಿದ್ದರೆ ಒಳಸಾಲು ಹೊರಸಾಲು ಬೇರೆಯಾಗತೊಡಗಿವೆ ಎಂದು ಅರ್ಥ. ಅದರ ಪಕ್ಕದಲ್ಲಿ ಆಡಬೇಡಿ. ಮನೆಯ ಹಿರಿಯರಿಗೂ ನಿಮ್ಮ ಶಿಕ್ಷಕರಿಗೂ ಅಂದೇ ತಿಳಿಸಿ.