ಕ್ಷಮಾದಾನ ಮತ್ತು ಸಂವಿಧಾನ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಅಲ್ಲಿ ನಿಜಾಮರ ಫರ್ಮಾನೇ ಶಾಸನವಾಗಿತ್ತು. ದಂಡಿಸುವುದೂ ಕ್ಷಮಿಸುವುದೂ ಕೊನೆಗೆ ಅರಸನ ಇಚ್ಛೆಗೆ ಸೇರಿದ ಸಂಗತಿಗಳು. ಕಾರಣವೇನೆಂದು ಕೇಳುವ ಹಕ್ಕು ಪ್ರಜೆಗೆ ಇರಲಿಲ್ಲ.

1950ರ ಜನವರಿ 26ರಂದು ಸಂವಿಧಾನವು ಜಾರಿಗೆ ಬಂದಿತು. ಅರಸೊತ್ತಿಗೆ ಅಳಿದರೂ ಕ್ಷಮಾದಾನ ಉಳಿಯಿತು. ನ್ಯಾಯಾಧೀಶರೂ ಮನುಷ್ಯರೇ, ಅವರ ತೀರ್ಪಿನಲ್ಲಿಯೂ ತಪ್ಪು ನುಸುಳಬಹುದು. ಆದುದರಿಂದ 72ನೆಯ ಅನುಚ್ಛೇದವು ರಾಷ್ಟ್ರಪತಿಗೂ 161ನೆಯ ಅನುಚ್ಛೇದವು ರಾಜ್ಯಪಾಲರಿಗೂ ಶಿಕ್ಷೆಯನ್ನು ಮನ್ನಿಸುವ ಅಥವಾ ತಗ್ಗಿಸುವ ಅಧಿಕಾರವನ್ನು ನೀಡಿದವು.

ಈ ಅಧಿಕಾರಕ್ಕೆ ಎಲ್ಲೆಯಿಲ್ಲವೆ? 1976ರ 42ನೆಯ ತಿದ್ದುಪಡಿಯು ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕದ್ದೆಂದು ಸ್ಪಷ್ಟಪಡಿಸಿತು. ಕ್ಷಮಾದಾನಕ್ಕೂ ಈ ಕಟ್ಟು ಅನ್ವಯಿಸುವುದೆಂದು ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ ಹೇಳಿತು. ಮಂತ್ರಿಗಳ ಸಲಹೆಯೇ ಪಕ್ಷಪಾತದಿಂದ ಕೂಡಿದ್ದರೆ? 2006ರಲ್ಲಿ ಆಂಧ್ರಪ್ರದೇಶದ ರಾಜ್ಯಪಾಲರು ನೀಡಿದ್ದ ಶಿಕ್ಷಾ ವಿನಾಯಿತಿಯೊಂದನ್ನು ಅದೇ ನ್ಯಾಯಾಲಯ ರದ್ದುಪಡಿಸಿತು. ಜಾತಿ, ಮತ, ರಾಜಕೀಯ ನಿಷ್ಠೆಗಳು ಕ್ಷಮೆಗೆ ಆಧಾರವಾಗಕೂಡದೆಂದು ಸಾರಿತು.

ವಿಳಂಬವೂ ಒಂದು ಅನ್ಯಾಯವೇ. 1993ರ ಪಾಲಾರ್ ನೆಲಬಾಂಬು ಸ್ಫೋಟದ ಪ್ರಕರಣದಲ್ಲಿ ನಾಲ್ವರಿಗೆ 2004ರಲ್ಲಿ ಮರಣದಂಡನೆಯಾಯಿತು. ಅವರ ಅರ್ಜಿಗಳು ತಿರಸ್ಕೃತವಾದದ್ದು 2013ರಲ್ಲಿ. ಅಷ್ಟು ಕಾಲ ಸಾವಿನ ನೆರಳಿನಲ್ಲಿ ಇರಿಸಿದುದು ಸಲ್ಲದೆಂದು 2014ರ ಜನವರಿಯಲ್ಲಿ ಶಿಕ್ಷೆಯು ಜೀವಾವಧಿಗೆ ಇಳಿಯಿತು.

ಹೀಗಿದ್ದರೂ ಕಾರಣ ತಿಳಿಸಬೇಕೆಂದಾಗಲಿ, ಇಂತಿಷ್ಟು ದಿನಗಳಲ್ಲಿ ತೀರ್ಮಾನಿಸಬೇಕೆಂದಾಗಲಿ ಈ ಎರಡು ಅನುಚ್ಛೇದಗಳು ಹೇಳುವುದಿಲ್ಲ. ಇವನ್ನು ತಿದ್ದುಪಡಿಯ ಮೂಲಕ ಸೇರಿಸಬಹುದೆಂಬುದು ಒಂದು ವಾದ. ಕರುಣೆಯನ್ನು ನಿಯಮಗಳಲ್ಲಿ ತೀರ ಬಿಗಿದರೆ, ಯಾರೂ ಊಹಿಸದ ಸಂಕಟದಲ್ಲಿ ಸಿಲುಕಿದವನಿಗೆ ಬಾಗಿಲು ಮುಚ್ಚೀತೆಂಬುದು ಮತ್ತೊಂದು. ಕ್ಷಮಿಸುವ ವಿವೇಚನೆಯನ್ನು ಉಳಿಸಿ, ಕಾರಣವನ್ನೂ ಕಾಲಮಿತಿಯನ್ನೂ ವಿಧಿಸುವುದು ಇವೆರಡರ ನಡುವಿನ ಹಾದಿ.

ಕೊಲೆಯಾದವನ ತಾಯಿಗೂ ಸೆರೆಯಲ್ಲಿರುವವನ ತಾಯಿಗೂ ‘ಏಕೆ?’ ಎಂದು ಕೇಳುವ ಹಕ್ಕಿದೆ. ಅರಸನ ಕ್ಷಮೆ ದಾನವಾಗಿತ್ತು. ಪ್ರಜಾಪ್ರಭುತ್ವದಲ್ಲಿ ಅದು ಉತ್ತರ ಹೇಳಬೇಕಾದ ಕರ್ತವ್ಯ.

ಅಭ್ಯಾಸ

1. ಸಂವಿಧಾನವು ಕ್ಷಮಾದಾನವನ್ನು ಉಳಿಸಿಕೊಂಡುದೇಕೆ?
2. ಪಾಲಾರ್ ಪ್ರಕರಣದಲ್ಲಿ ಶಿಕ್ಷೆ ಇಳಿದುದಕ್ಕೆ ಕಾರಣವೇನು?
3. ಕ್ಷಮಾದಾನಕ್ಕೆ ಕಾಲಮಿತಿ ಬೇಕೆ? ಚರ್ಚಿಸಿರಿ.