‘ಅದೃಷ್ಟ’ ಮತ್ತು ಗಾಳ: ಪುತ್ತೂರು, ಸುಳ್ಯ, ಕಡಬ ಪರಿಸರದ ಹವ್ಯಾಸಿ ಮೀನುಬೇಟೆಯ ನುಡಿಗಟ್ಟನ್ನು ಕುರಿತು

ದಕ್ಷಿಣ ಕನ್ನಡದ ಒಳನಾಡಿನ ಜಾನಪದವನ್ನು ಕುರಿತ ಅಧ್ಯಯನಗಳಲ್ಲಿ ಬೇಸಾಯ, ಭೂತಾರಾಧನೆ, ಪಾಡ್ದನ, ಯಕ್ಷಗಾನಗಳಿಗೆ ದೊರೆತಷ್ಟು ಗಮನ ಹೊಳೆಯ ಮೀನುಬೇಟೆಗೆ ದೊರೆತಿಲ್ಲ. ಮೀನುಗಾರಿಕೆ ಎಂದೊಡನೆ ಅಧ್ಯಯನಕಾರರ ಕಣ್ಣು ಕಡಲಿನ ಕಡೆಗೆ, ಮೊಗವೀರ ಸಮುದಾಯದ ಕಡೆಗೆ ಹೊರಳುತ್ತದೆ. ಆದರೆ ಘಟ್ಟದ ಬುಡದ ಊರುಗಳಲ್ಲಿ ಜೀವನೋಪಾಯಕ್ಕಲ್ಲದೆ ಕೇವಲ ಖುಷಿಗಾಗಿ ಗಾಳ ಹಾಕುವವರ ಒಂದು ಲೋಕವಿದೆ. ಅಡಿಕೆ ಕೃಷಿಕರು, ಅಂಗಡಿಯವರು, ಅಧ್ಯಾಪಕರು, ರಜೆಯಲ್ಲಿ ಊರಿಗೆ ಬಂದವರು ಈ ಲೋಕದ ಸದಸ್ಯರು. ದಂಡೆಯಲ್ಲಿ ಕುಳಿತು ಗಾಳ ಹಾಕುವವರೇ ಇವರಲ್ಲಿ ಹೆಚ್ಚು. ಹೊಳೆ ಅಗಲವಾಗಿ ಆಳವಾಗಿರುವೆಡೆ ಸಣ್ಣ ದೋಣಿಯಲ್ಲಿ ಹೋಗುವವರೂ ಇದ್ದಾರೆ. ಈ ಲೋಕದ ಮಾತಿನಲ್ಲಿ ಮೀನು ಸಿಕ್ಕಿದ ಸುದ್ದಿಗಿಂತ ಸಿಗದ ಸುದ್ದಿಯೇ ದೊಡ್ಡದು. ಸತತವಾಗಿ ಬರಿಗೈಯಲ್ಲಿ ಮರಳುವುದನ್ನು ಅವರು ಯಾವ ಪದಗಳಲ್ಲಿ ಹೇಳುತ್ತಾರೆ, ಅದರಿಂದ ಹೊರಬರುವ ದಾರಿಯನ್ನು ಹೇಗೆ ಕಲ್ಪಿಸಿಕೊಳ್ಳುತ್ತಾರೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರದೇಶದ ಸ್ವರೂಪವನ್ನು ಚುಟುಕಾಗಿ ಹೇಳಬಹುದು. ಕುಮಾರಪರ್ವತದ ಕಡೆಯಿಂದ ಇಳಿಯುವ ಕುಮಾರಧಾರೆ ಸುಬ್ರಹ್ಮಣ್ಯವನ್ನು ಹಾದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಕೊಡಗಿನ ಕಡೆಯಿಂದ ಬರುವ ಪಯಸ್ವಿನಿ ಸುಳ್ಯವನ್ನು ದಾಟಿ ಕಾಸರಗೋಡಿನಲ್ಲಿ ಚಂದ್ರಗಿರಿಯಾಗುತ್ತದೆ. ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಗ್ರಾಮಗಳಿಂದ ಇತ್ತೀಚೆಗೆ ರೂಪುಗೊಂಡ ಕಡಬ ತಾಲೂಕು ಕುಮಾರಧಾರೆ ಮತ್ತು ಗುಂಡ್ಯ ಹೊಳೆಗಳ ಸೀಮೆ. ಸೇತುವೆಗಳು ಬರುವ ಮುನ್ನ ಕಡವಿನ ದೋಣಿಗಳೇ ಇಲ್ಲಿನ ಊರುಗಳನ್ನು ಬೆಸೆದಿದ್ದವು. ಮಳೆಗಾಲದಲ್ಲಿ ಉಕ್ಕಿ ಹರಿದು, ಬೇಸಿಗೆಯಲ್ಲಿ ಬಂಡೆಗಳ ನಡುವಣ ಮಡುಗಳಾಗಿ ಉಳಿಯುವುದು ಈ ಹೊಳೆಗಳ ಸ್ವಭಾವ. ಆ ಮಡುಗಳಿಗೆ ಇಲ್ಲಿನ ಹೆಸರು ‘ಕಯ’. ಸ್ಥಳನಾಮಗಳಲ್ಲಿ ಅದು ‘ಗಯ’ ಎಂದೂ ಕಾಣಿಸಿಕೊಳ್ಳುತ್ತದೆ.

ಬೇಟೆಯ ಕಥನಕ್ಕೆ ಈ ನೆಲದಲ್ಲಿ ಗಟ್ಟಿಯಾದ ಪರಂಪರೆಯೇ ಇದೆ. ಪುತ್ತೂರು ಸೀಮೆಯ ಕೆದಂಬಾಡಿ ಜತ್ತಪ್ಪ ರೈಯವರ ‘ಬೇಟೆಯ ನೆನಪುಗಳು’, ‘ಈಡೊಂದು ಹುಲಿಯೆರಡು’ ಕೃತಿಗಳನ್ನು ಕನ್ನಡದ ಶಿಕಾರಿ ಸಾಹಿತ್ಯದ ಚರ್ಚೆಯಲ್ಲಿ ಬಿಟ್ಟು ಮುಂದುವರಿಯಲಾಗದು. ಆದರೆ ಕಾಡಿನ ಬೇಟೆಗೂ ಗಾಳದ ಬೇಟೆಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಕಾಡಿನಲ್ಲಿ ಹೆಜ್ಜೆ ಮೂಡುತ್ತದೆ, ಮುರಿದ ಕಡ್ಡಿ, ತರಚಿದ ಮರ, ಹಕ್ಕಿಯ ಕೂಗು ಸುಳಿವು ಕೊಡುತ್ತವೆ. ಸೋತ ಬೇಟೆಗಾರ ತಾನೇಕೆ ಸೋತೆನೆಂದು ನೆಲವನ್ನು ಓದಿ ತಿಳಿಯಬಲ್ಲ. ನೀರು ಹೆಜ್ಜೆಯನ್ನು ಉಳಿಸಿಕೊಳ್ಳುವುದಿಲ್ಲ. ಗಾಳ ಹಾಕಿದವನಿಗೆ ಮೀನು ಇತ್ತೋ ಇಲ್ಲವೋ, ಬಂದು ಮೂಸಿ ಹೋಯಿತೋ, ದೋಣಿಯ ನೆರಳಿಗೆ ಬೆದರಿತೋ ಎಂಬುದೊಂದೂ ಗೊತ್ತಾಗದು. ಕಾರಣ ಕಾಣದ ಸೋಲನ್ನು ವಿವರಿಸಲು ಕನ್ನಡದಲ್ಲಿ ಸಿದ್ಧವಾಗಿರುವ ಪದವೆಂದರೆ ‘ಅದೃಷ್ಟ’. ಅದರ ಮೂಲಾರ್ಥವೇ ‘ಕಾಣದ್ದು’ ಎಂದಿರುವುದು ಗಾಳಗಾರನ ಮಟ್ಟಿಗೆ ಅಕ್ಷರಶಃ ಸತ್ಯ.

ಈ ಸೀಮೆಯ ಆಡುಮಾತಿನಲ್ಲಿ ಬರಿಗೈಯ ದಿನಗಳಿಗೆ ಸಂಬಂಧಿಸಿದ ನುಡಿಗಟ್ಟುಗಳನ್ನು ಎರಡು ವರ್ಗಗಳಲ್ಲಿ ನೋಡಬಹುದು. ಮೊದಲನೆಯವು ವ್ಯಕ್ತಿಗೆ ಅಂಟಿಕೊಂಡವು: ‘ಗ್ರಾಚಾರ ಸರಿ ಇಲ್ಲ’, ‘ಯೋಗ ಇಲ್ಲ’, ‘ಕೈಗುಣ ಇಲ್ಲ’, ‘ಕಣ್ಣು ತಾಗಿದೆ’. ಹೊರಟವನನ್ನು ‘ಎಲ್ಲಿಗೆ?’ ಎಂದು ಕೇಳಬಾರದೆಂಬ ನಿಷೇಧವೂ ಈ ವರ್ಗಕ್ಕೆ ಸೇರಿದ್ದು. ಎರಡನೆಯವು ಹೊಳೆಗೆ ಅಂಟಿಕೊಂಡವು: ‘ಹೊಸನೀರು ಬಂದಿದೆ’, ‘ನೀರು ಕಲಕಿದೆ’, ‘ನೀರು ತಿಳಿಯಾಗಿದೆ’, ‘ಕಯ ತುಂಬಿದೆ’. ಮೊದಲ ವರ್ಗದ ಮಾತು ಗಾಳ ಹಿಡಿದವನ ಜಾತಕವನ್ನು ಹೇಳುತ್ತದೆ, ಎರಡನೆಯದು ನದಿಯ ಜಾತಕವನ್ನು. ನಮ್ಮ ಜಾನಪದ ಸಂಗ್ರಹಗಳು ಮೊದಲನೆಯದನ್ನು ‘ನಂಬಿಕೆಗಳು’ ಎಂಬ ತಲೆಬರಹದಡಿ ಆಸ್ಥೆಯಿಂದ ದಾಖಲಿಸಿವೆ. ಎರಡನೆಯದನ್ನು ಹವಾಮಾನದ ಹರಟೆಯೆಂದು ಕೈಬಿಟ್ಟದ್ದೇ ಹೆಚ್ಚು. ಸತತ ಸೋಲಿನಿಂದ ಒಬ್ಬ ಗಾಳಗಾರ ಹೊರಬರುವುದೆಂದರೆ ಮೊದಲ ವರ್ಗದ ಮಾತಿನಿಂದ ಎರಡನೆಯದಕ್ಕೆ ಸರಿಯುವುದು ಎಂಬುದು ಈ ಲೇಖನದ ಪ್ರತಿಪಾದನೆ.

ಹೀಗೆಂದ ಮಾತ್ರಕ್ಕೆ ಮೊದಲ ವರ್ಗವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಅವಸರದ ತೀರ್ಮಾನವಾದೀತು. ದುರದೃಷ್ಟಕ್ಕೆ ಹಿರಿಯರು ಸೂಚಿಸುವ ಪರಿಹಾರಗಳನ್ನು ಗಮನಿಸಬೇಕು. ಕೆಲವು ದಿನ ಹೊಳೆಗೆ ಹೋಗಬೇಡ, ಗಾಳವನ್ನು ಇನ್ನೊಬ್ಬರ ಕೈಯಿಂದ ಹಾಕಿಸು, ಎರೆ ಬದಲಿಸು, ಬೇರೆ ಹೊತ್ತಿಗೆ, ಬೇರೆ ದೋಣಿಯಲ್ಲಿ ಹೋಗು. ಗ್ರಾಚಾರದ ಭಾಷೆಯಲ್ಲಿ ಇವು ದೋಷ ಕಳೆಯುವ ಕ್ರಮಗಳು. ಹೊಳೆಯ ಭಾಷೆಯಲ್ಲಿ ಓದಿದರೆ ಪ್ರತಿಯೊಂದಕ್ಕೂ ಬೇರೆಯೇ ಅರ್ಥ ಹೊರಡುತ್ತದೆ. ಕೆಲವು ದಿನ ಬಿಡುವು ಕೊಟ್ಟಾಗ ಬೆದರಿದ ಕಯ ಶಾಂತವಾಗುತ್ತದೆ. ಇನ್ನೊಬ್ಬರ ಕೈ ಎಂದರೆ ಇನ್ನೊಂದು ಆಳ, ದಾರವನ್ನು ಬಿಗಿಹಿಡಿಯುವ ಇನ್ನೊಂದು ಹದ. ಬೇರೆ ದೋಣಿ ಹತ್ತಿದವನು ಸಹಜವಾಗಿ ಬೇರೆ ಜಾಗದಲ್ಲಿ ನಿಲ್ಲುತ್ತಾನೆ. ತಾನು ಅಭ್ಯಾಸಬಲದಿಂದ ಮಾಡುತ್ತ ಬಂದದ್ದನ್ನು ನಿಲ್ಲಿಸಲು ಮನುಷ್ಯನಿಗೆ ಒಂದು ನೆಪ ಬೇಕು. ಗ್ರಾಚಾರ ಆ ನೆಪವನ್ನು ಗೌರವದಿಂದ ಒದಗಿಸುತ್ತದೆ. ‘ನೀನು ತಪ್ಪು ಮಾಡುತ್ತಿದ್ದೀಯಾ’ ಎಂದು ಒಬ್ಬ ಹಿರಿಯ ಗಾಳಗಾರನಿಗೆ ಹೇಳುವುದು ಕಷ್ಟ, ‘ನಿಮ್ಮ ಗ್ರಾಚಾರ ಸರಿ ಇಲ್ಲ ಅಣ್ಣಾ’ ಎನ್ನುವುದು ಸುಲಭ.

‘ಎರೆ’ ಎಂಬ ಪದದ ಬಗ್ಗೆ ಒಂದು ಮಾತು ಇಲ್ಲಿ ಅಪ್ರಸ್ತುತವಾಗದು. ಎರೆಹುಳುವನ್ನು ಇಂದಿನ ಕನ್ನಡ ಮಣ್ಣು ಮತ್ತು ಗೊಬ್ಬರದ ಸಂದರ್ಭದಲ್ಲಷ್ಟೇ ಬಲ್ಲದು. ಆದರೆ ‘ಎರೆ’ಗೆ ಪ್ರಾಣಿಪಕ್ಷಿಗಳ ಆಹಾರ, ಗಾಳಕ್ಕೆ ಸಿಕ್ಕಿಸುವ ತಿನಿಸು ಎಂಬ ಹಳೆಯ ಅರ್ಥಗಳಿವೆ, ಈ ನೆಲೆಯಲ್ಲಿ ಎರೆಹುಳು ಗಾಳದ ಹುಳು. ತುಳುವಿನ ‘ನಕ್ಕುರು’ ಆ ನಂಟನ್ನು ತೋರಿಸುವುದಿಲ್ಲ.

ಎರೆಯ ವಿಚಾರದಲ್ಲಿ ಕರ್ನಾಟಕದ ಬರವಣಿಗೆಗೆ ದೀರ್ಘ ಇತಿಹಾಸವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (ಆಳ್ವಿಕೆ 1126–1138) ‘ಮಾನಸೋಲ್ಲಾಸ’ ಸಂಸ್ಕೃತ ಕೃತಿಯಾದರೂ ಹುಟ್ಟಿದ್ದು ಕನ್ನಡ ನೆಲದಲ್ಲಿ. ಅದರ ‘ಮತ್ಸ್ಯವಿನೋದ’ ಭಾಗ ಮೀನುಬೇಟೆಯನ್ನು ಹೊಟ್ಟೆಪಾಡಾಗಿ ನೋಡದೆ ವಿನೋದವಾಗಿ ನೋಡುತ್ತದೆ. ಮೀನಿನ ಜಾತಿಗಳು, ಯಾವ ಜಾತಿಗೆ ಯಾವ ತಿನಿಸು, ಕೋಲು, ದಾರ, ಗಾಳಗಳ ಬಗೆ ಅದರಲ್ಲಿ ಬರುತ್ತವೆ. ಮೀನುವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ಆಧುನಿಕ ವಿದ್ವತ್ತಿನ ಗಮನಕ್ಕೆ ತಂದರು. ಇಂಗ್ಲಿಷಿನಲ್ಲಿ ಗಾಳದ ಬೇಟೆಯ ಬೈಬಲ್ ಎನಿಸಿಕೊಂಡ ಐಸಾಕ್ ವಾಲ್ಟನ್ನನ ಕೃತಿ ಪ್ರಕಟವಾದದ್ದು 1653ರಲ್ಲಿ, ಅಂದರೆ ಸೋಮೇಶ್ವರನ ನಂತರ ಐದು ಶತಮಾನಗಳು ಕಳೆದ ಮೇಲೆ. ವಿನೋದದ ಪಠ್ಯವೊಂದು ಜಾತಿಗೊಂದು ಆಹಾರವನ್ನು ಹೇಳಿದಾಗ, ಸಿಗದ ಮೀನಿನ ಹೊಣೆ ರಾಜನ ಜಾತಕದಿಂದ ತಿನಿಸಿನ ಆಯ್ಕೆಗೆ ವರ್ಗಾವಣೆಯಾಗುತ್ತದೆ ಎಂಬುದು ನಮ್ಮ ಚರ್ಚೆಗೆ ಮುಖ್ಯ.

ಎರಡನೆಯ ಪಠ್ಯ ಇನ್ನೂ ಹತ್ತಿರದ್ದು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಭಾರತದ ಗಾಳದ ಬೇಟೆಯ ಕುರಿತ ಈ ಪ್ರಸಿದ್ಧ ಪುಸ್ತಕ ಮದರಾಸಿನಲ್ಲೋ ಕಲ್ಕತ್ತೆಯಲ್ಲೋ ಹೊರಬರದೆ ಮಂಗಳೂರಿನಲ್ಲಿ ಹೊರಬಂದದ್ದು ಗಮನಾರ್ಹ. ವಸಾಹತು ಅಧಿಕಾರಿಯ ಬೇಟೆಯ ಗೀಳು, ನದಿಯನ್ನು ಆಡಳಿತದ ಸ್ವತ್ತಾಗಿ ಕಾಣುವ ದೃಷ್ಟಿ ಇವೆಲ್ಲ ಅದರಲ್ಲಿ ಇವೆ. ಅದನ್ನು ವಿಮರ್ಶಾತ್ಮಕವಾಗಿಯೇ ಓದಬೇಕು. ಆದರೂ ಮೀನು ಏನು ತಿನ್ನುತ್ತದೆ, ಎಲ್ಲಿ ನಿಲ್ಲುತ್ತದೆ, ಏಕೆ ಮುಟ್ಟುವುದಿಲ್ಲ ಎಂಬ ಪ್ರಶ್ನೆಗಳನ್ನು ಥಾಮಸ್ ಬಿಡದೆ ಕೇಳುತ್ತಾನೆ. ಮೀನಿನ ಮರಿಗಳ ನಾಶದಿಂದ ಹೊಳೆಗಳು ಬರಿದಾಗುವ ಆತಂಕವೂ ಅವನಿಗಿತ್ತು. ಕನ್ನಡದಲ್ಲಿ ಈ ಬಗೆಯ ಕುತೂಹಲವನ್ನು ಗದ್ಯದ ಒಂದು ಗುಣವಾಗಿಯೇ ಬೆಳೆಸಿದವರು ಪೂರ್ಣಚಂದ್ರ ತೇಜಸ್ವಿ (1938–2007). ಗಾಳದ ಹವ್ಯಾಸ ಅವರ ಬದುಕಿನ ಭಾಗವಾಗಿತ್ತು. ಅವರಲ್ಲಿ ಸೋಲು ವಿಷಾದವಾಗದೆ ತಮಾಷೆಯಾಗುವುದಕ್ಕೆ ಕಾರಣ, ಸೋಲಿನ ಕಾರಣವನ್ನು ಹುಡುಕುವುದೇ ಅವರಿಗೆ ಬೇಟೆಯಷ್ಟು ಸ್ವಾರಸ್ಯಕರವಾಗಿದ್ದುದು.

ಇನ್ನು ಕಾರಣವೇ ಇಲ್ಲದ ಸೋಲಿನ ವಿಚಾರ. ಹತ್ತು ದಿನ ಹೋದರೆ ಸರಾಸರಿ ಮೂರು ದಿನ ಮೀನು ಸಿಗುವ ಗಾಳಗಾರನನ್ನು ಊಹಿಸಿಕೊಳ್ಳೋಣ. ಒಂದು ದಿನದ ಫಲಕ್ಕೂ ಇನ್ನೊಂದು ದಿನದ ಫಲಕ್ಕೂ ಸಂಬಂಧವಿಲ್ಲವೆಂದು ಇಟ್ಟುಕೊಂಡರೆ, ನಾಳೆಯಿಂದ ಸತತ 10 ದಿನ ಅವನು ಬರಿಗೈಯಾಗುವ ಸಂಭವ ನೂರಕ್ಕೆ 3ಕ್ಕಿಂತ ಕಡಿಮೆ. ಹೀಗಾದಾಗ ‘ಇದು ಸಹಜವಲ್ಲ’ ಎನಿಸುವುದು ಸಹಜ. ಆದರೆ ಅವನು ಒಂದು ಋತುವಿನಲ್ಲಿ 60 ದಿನ ಹೋಗುತ್ತಾನೆ. ಆ 60 ದಿನಗಳಲ್ಲಿ ಎಲ್ಲಾದರೂ ಒಮ್ಮೆ ಇಂಥ ಹತ್ತು ದಿನಗಳ ಸಾಲು ಬರುವ ಸಂಭವ ಲೆಕ್ಕ ಹಾಕಿದರೆ ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು. ಎಂದರೆ ಇಂಥ ಮೂವರು ಗೆಳೆಯರಿದ್ದರೆ ಅವರಲ್ಲಿ ಒಬ್ಬನಾದರೂ ಯಾವ ದೋಷವೂ ಇಲ್ಲದೆ, ಯಾರ ಕಣ್ಣೂ ತಾಗದೆ ‘ಗ್ರಾಚಾರದವ’ ಎನಿಸಿಕೊಳ್ಳುವ ಸಾಧ್ಯತೆಯೇ ಹೆಚ್ಚು. ಹನ್ನೊಂದನೆಯ ದಿನಕ್ಕೆ ಹಿಂದಿನ ಹತ್ತು ದಿನಗಳ ನೆನಪಿಲ್ಲ; ಆ ದಿನವೂ ಅವನ ಅವಕಾಶ ಹತ್ತರಲ್ಲಿ ಮೂರೇ, ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ. ಮಾನವಿಕ ವಿಷಯಗಳ ಪತ್ರಿಕೆಯಲ್ಲಿ ಈ ಅಂಕಗಣಿತಕ್ಕೇನು ಕೆಲಸವೆಂದು ಕೇಳಬಹುದು. ದುರದೃಷ್ಟದ ಕಥನ ಹುಟ್ಟುವುದು ಈ ಲೆಕ್ಕ ಮತ್ತು ನೆನಪುಗಳ ನಡುವಣ ಬಿರುಕಿನಲ್ಲಿ ಎಂಬುದೇ ಅದಕ್ಕೆ ಉತ್ತರ.

ಈ ಸೀಮೆಯ ಪಂಚಾಂಗಪ್ರಜ್ಞೆ ಇದಕ್ಕಿಂತ ಸೂಕ್ಷ್ಮವಾದುದು. ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಅಲ್ಲಿಗೆ ಕೋಲ, ಜಾತ್ರೆ, ಆಟಗಳು ನಿಂತು ಮಳೆಗಾಲದ ನಿರೀಕ್ಷೆ ಶುರುವಾಗುತ್ತದೆ. ಮೊದಲ ಮಳೆಯ ಹೊಸನೀರಿಗೆ ಮೀನುಗಳು ಮೊಟ್ಟೆಯಿಡಲು ಮೇಲೇರುತ್ತವೆ. ಅನಂತರ ಬರುವ ಆಟಿ ಕಷ್ಟದ ತಿಂಗಳು. ಹೊಳೆ ಕೆಂಪಾಗಿ ಉಕ್ಕಿರುತ್ತದೆ, ದೋಣಿ ಇಳಿಸುವಂತಿಲ್ಲ. ಆಗ ಮನೆಮನೆಗೆ ಬರುವ ಆಟಿ ಕಳೆಂಜ ಊರಿನ ಮಾರಿಯನ್ನು ಕಳೆಯುತ್ತಾನೆ. ಕೆಟ್ಟ ಕಾಲ ಇಲ್ಲಿ ಒಬ್ಬ ವ್ಯಕ್ತಿಯ ಹಣೆಬರಹವಲ್ಲ. ಅದೊಂದು ತಿಂಗಳು, ಎಲ್ಲರ ಮನೆಗೂ ಬಂದು ಎಲ್ಲರ ಮನೆಯಿಂದಲೂ ಹೋಗುವಂಥದ್ದು. ಗಾಳದ ಸೋಲನ್ನು ಇದೇ ಬಗೆಯಲ್ಲಿ ಋತುವಿಗೆ ಸೇರಿಸಿ ನೋಡುವವರಿಗೆ ಅದು ಅಷ್ಟು ಭಾರವಾಗುವುದಿಲ್ಲ. ಮಳೆ ನಿಂತು ನೀರು ತಿಳಿಯಾದಾಗ ಮೀನಿಗೆ ದಾರ ಕಾಣುತ್ತದೆ, ದೋಣಿಯ ನೆರಳು ಕಾಣುತ್ತದೆ, ಹುಟ್ಟು ಹಲಗೆಗೆ ಬಡಿದ ಸದ್ದು ನೀರಿನೊಳಗೆ ದೂರ ಹೋಗುತ್ತದೆ. ಆಗ ಅನುಭವಿಗಳು ಕಯದ ಮೇಲೆಯೇ ದೋಣಿ ನಿಲ್ಲಿಸದೆ ತುಸು ದೂರದಲ್ಲಿ ಕಟ್ಟಿ, ಹುಟ್ಟನ್ನು ಒಳಗಿಟ್ಟು, ಎರೆಯನ್ನು ಹರಿವಿಗೆ ಬಿಡುತ್ತಾರೆ. ದಂಡೆಯ ಅತ್ತಿ, ನೇರಳೆ ಮರಗಳು ಹಣ್ಣು ಉದುರಿಸುವಾಗ ಅವುಗಳ ಕೆಳಗೆ ಹುಡುಕುತ್ತಾರೆ. ದಿನಾಂಕ, ನೀರಿನ ಬಣ್ಣ, ಆಳ, ಎರೆ ಇವನ್ನು ಮೀನು ಸಿಗದ ದಿನವೂ ಬರೆದಿಡುವ ಹವ್ಯಾಸಿ ತನ್ನ ಗ್ರಾಚಾರವನ್ನು ಒಂದೆರಡು ವರ್ಷಗಳಲ್ಲಿ ಓದಿಕೊಳ್ಳಬಲ್ಲ. ಬಾಯ್ದೆರೆ ಕಥನದಲ್ಲಿ ಸಿಕ್ಕಿದ ದಿನಗಳಷ್ಟೇ ಉಳಿಯುವುದರಿಂದ ಸಿಗದ ದಿನಗಳು ಅಲ್ಲಿ ಕಾರಣ ಕಳೆದುಕೊಂಡು ಬರೇ ಎಣಿಕೆಯಾಗಿಬಿಡುತ್ತವೆ.

ಆದರೆ ನದಿಯ ಭಾಷೆಗೆ ಸರಿದ ಮೇಲೂ ಪರಿಹಾರವಾಗದ ಸೋಲೊಂದಿದೆ. ಒಬ್ಬನಿಗಲ್ಲದೆ ಎಲ್ಲರಿಗೂ, ಒಂದು ಋತುವಿನಲ್ಲಲ್ಲದೆ ವರ್ಷವರ್ಷವೂ ಮೀನು ಸಿಗದಾದಾಗ ಅದು ಅದೃಷ್ಟದ ವಿಷಯವಾಗಿ ಉಳಿಯುವುದಿಲ್ಲ. ಸ್ಫೋಟಕ ಮತ್ತು ವಿಷ ಬಳಸಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕಾ ಕಾಯಿದೆಯೇ ನಿಷೇಧಿಸಿದೆ. ತೋಟೆ ಹಾಕುವ ಚಾಳಿ ಮಾತ್ರ ಅದರ ನಂತರವೂ ಬಹುಕಾಲ ಉಳಿದುಬಂತು. ಮರಳು ತೆಗೆದಾಗ ಹೊಳೆಯ ತಳವೇ ಬದಲಾಗುತ್ತದೆ. ಬೇಸಿಗೆಗೆ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟುಗಳು ಕೃಷಿಗೆ ವರವಾದರೂ ಹಲಗೆ ಹಾಕಿರುವಷ್ಟು ಕಾಲ ಮೀನಿನ ಸಂಚಾರಕ್ಕೆ ತಡೆಯೊಡ್ಡುತ್ತವೆ. ಇಂಥ ಹೊಳೆಯ ಮುಂದೆ ಕುಳಿತು ‘ನನ್ನ ಗ್ರಾಚಾರ’ ಎಂದುಕೊಳ್ಳುವವನು ಸಾಮೂಹಿಕ ನಷ್ಟವೊಂದನ್ನು ತನ್ನ ಖಾಸಗಿ ಖಾತೆಗೆ ಬರೆದುಕೊಳ್ಳುತ್ತಿರುತ್ತಾನೆ. ಗ್ರಾಚಾರದ ನುಡಿಗಟ್ಟು ಅಪಾಯಕಾರಿಯಾಗುವುದು ಈ ಹಂತದಲ್ಲಿ.

ಇದಕ್ಕೆ ಎದುರಾಗಿ ಅದೇ ನುಡಿಗಟ್ಟು ರಕ್ಷಣೆಯ ಕೆಲಸವನ್ನೂ ಮಾಡಿದೆ. ಸುಳ್ಯ ತಾಲೂಕಿನ ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನದ ಬಳಿ ಮೀನುಗಳು ದೇವರ ಮೀನುಗಳು. ಅವನ್ನು ಹಿಡಿದರೆ ಕೇಡು ತಪ್ಪದೆಂಬ ಭಯಭಕ್ತಿ ಯಾವ ಕಾವಲುಗಾರನಿಗಿಂತಲೂ ಗಟ್ಟಿಯಾಗಿ ಅವನ್ನು ಕಾದಿದೆ. ನೆರೆಯ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ 1996ರಲ್ಲಿ ವಿಷಕ್ಕೆ ಬಲಿಯಾದ ದೇವರ ಮೀನುಗಳಿಗೆ ಊರವರು ಸ್ಮಾರಕವನ್ನೇ ನಿಲ್ಲಿಸಿದರು. ಗಾಳಗಾರನ ‘ಗ್ರಾಚಾರ’ವೂ ದೇವರ ಮೀನಿನ ‘ಕೇಡು’ ಎಂಬುದೂ ಒಂದೇ ಶಬ್ದಲೋಕದವು. ಒಂದು ಸೋತವನನ್ನು ಸಮಾಧಾನಪಡಿಸುತ್ತದೆ, ಇನ್ನೊಂದು ಗೆಲ್ಲಬಲ್ಲವನನ್ನು ತಡೆಯುತ್ತದೆ. ಇವನ್ನು ಪ್ರತ್ಯೇಕ ಶೀರ್ಷಿಕೆಗಳಲ್ಲಿ ಸಂಗ್ರಹಿಸುವ ಕ್ರಮ ಈ ನಂಟನ್ನು ಮರೆಮಾಡಿದೆ.

ಕ್ಷೇತ್ರಕಾರ್ಯಕ್ಕೆ ಹೊರಡುವವರು ಮೊದಲು ಕಯಗಳ ಹೆಸರುಗಳನ್ನು ಸಂಗ್ರಹಿಸುವುದು ಒಳ್ಳೆಯದು. ಯಾವ ಕಯದಲ್ಲಿ ಯಾವ ಮೀನು, ಯಾವ ತಿಂಗಳಲ್ಲಿ, ಎಷ್ಟು ಆಳದಲ್ಲಿ ಎಂಬುದು ಹಿರಿಯ ಗಾಳಗಾರರ ನೆನಪಿನಲ್ಲಿ ಆ ಹೆಸರುಗಳಿಗೇ ಕಟ್ಟಿಕೊಂಡಿರುತ್ತದೆ. ಹೂಳು ತುಂಬಿ ಈಗ ಮೊಣಕಾಲುದ್ದ ನೀರೂ ನಿಲ್ಲದ ಕಡೆಗಳಿಗೆ ಜನ ಇಂದಿಗೂ ಕಯವೆಂದೇ ಹೇಳುತ್ತಾರೆ. ಅಲ್ಲಿ ಮೀನು ಸಿಗದಿದ್ದರೆ ಗ್ರಾಚಾರವೆನ್ನುವವರೂ ಇದ್ದಾರೆ.