ಗೆದ್ದ ಪಾಠ ಬೇಡ, ಸೋತ ಪಾಠ ತನ್ನಿ

ಪ್ರಶ್ನೆ: ನಾನು ಸವದತ್ತಿ ತಾಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಹಿಂದಿ ಶಿಕ್ಷಕಿ. ಇಡೀ ಶಾಲೆಗೆ ಹಿಂದಿಗೆ ನಾನೊಬ್ಬಳೇ. ಎಂಟನೇ ತರಗತಿಗೆ ಬರುವ ಮಕ್ಕಳಲ್ಲಿ ಕೆಲವರಿಗೆ ಅಕ್ಷರವೇ ನೆಟ್ಟಗೆ ಬರುವುದಿಲ್ಲ. ಪಾಠ ತಲೆಗೆ ಹತ್ತದಿದ್ದಾಗ ಯಾರನ್ನು ಕೇಳಲಿ? ತರಬೇತಿ ಎಂದರೆ ಹೋಗಿ ಕೂತು, ಸಹಿ ಮಾಡಿ, ಊಟ ಮುಗಿಸಿ ಬರುವುದೇ ಆಗಿದೆ. ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನಕ್ಕೆ ಹೋದಾಗ ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಹಿಂದಿ ಶಿಕ್ಷಕರು ಸಿಕ್ಕರು. ಚಹಾದ ಹೊತ್ತಿನಲ್ಲಿ ಅವರೊಡನೆ ಆಡಿದ ನಾಲ್ಕು ಮಾತೇ ಹೆಚ್ಚು ಉಪಯೋಗಕ್ಕೆ ಬಂತು. ‘ನಾವೇ ಆಗಾಗ ಸೇರೋಣ’ ಎಂದೆ. ಹಿರಿಯ ಮಾಸ್ತರರೊಬ್ಬರು ‘ಬಾಯಾರಿಗೆ ಜಿಲ್ಲಾ ಪ್ರಶಸ್ತಿ ಮ್ಯಾಲೆ ಕಣ್ಣು ಬಿದ್ದೈತಿ’ ಎಂದರು, ಎಲ್ಲರೂ ನಕ್ಕರು. ಸಾಲದ್ದಕ್ಕೆ, ನಾನು ರಾತ್ರಿ ನಿದ್ದೆಗೆಟ್ಟು ಮಾಡಿದ ಅಭ್ಯಾಸ ಹಾಳೆಗೆ ಇನ್ನೊಬ್ಬರು ತಮ್ಮ ಹೆಸರು ಹಾಕಿ ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರು. ನನ್ನ ಪಾಡಿಗೆ ನಾನು ಸುಮ್ಮನಿದ್ದುಬಿಡಲೇ?
— ಹೆಸರು ಬೇಡ, ಸವದತ್ತಿ ತಾಲೂಕು

ಉತ್ತರ: ಸುಮ್ಮನಿರಬೇಡಿ ತಂಗಿ. ಆದರೆ ನೀವು ಅಂದುಕೊಂಡ ರೀತಿಯಲ್ಲಿ ಶುರು ಮಾಡಲೂ ಬೇಡಿ.

ಮೊದಲು ಆ ನಗುವಿನ ವಿಚಾರ. ಆ ಮಾಸ್ತರರನ್ನು ಕೆಟ್ಟವರೆಂದು ಬಗೆಯಬೇಡಿ. ‘ವಿಚಾರ ವಿನಿಮಯ’ ಎಂಬುದನ್ನು ಅವರು ಕಂಡಿರುವುದೇ ಹಾಗೆ: ವೇದಿಕೆ, ಶಾಲು, ಫೋಟೋ, ನೂರಕ್ಕೆ ನೂರು ಫಲಿತಾಂಶ ತಂದವರ ಭಾಷಣ. ಕೆಳಗೆ ಕೂತವರಿಗೆ ಅದರಿಂದ ಪಾಠ ಸಿಗುವುದಿಲ್ಲ, ತಮ್ಮ ಶಾಲೆಯ ಫಲಿತಾಂಶ ನೆನಪಾಗಿ ಮುಖ ಸಣ್ಣದಾಗುತ್ತದೆ. ನೀವು ಕರೆದದ್ದೂ ಅಂಥದ್ದಕ್ಕೇ ಎಂದು ಅವರು ತಿಳಿದಿರಬೇಕು. ಆದ್ದರಿಂದ ಮುಂದಿನ ಸಲ ಕರೆಯುವಾಗ ಮಾತು ಬದಲಿಸಿ. ‘ನಾನು ಮಾಡಿದ್ದನ್ನು ತೋರಿಸುತ್ತೇನೆ, ಬನ್ನಿ’ ಎನ್ನಬೇಡಿ. ‘ಈ ಪಾಠ ನನ್ನ ಕೈಲಿ ಆಗುತ್ತಿಲ್ಲ, ನೀವು ಹೆಂಗ ಮಾಡ್ತೀರಿ?’ ಎಂದು ಕೇಳಿ. ಹೀಗೆ ಕೇಳಿದವರಿಗೆ ಪ್ರಶಸ್ತಿಯ ಆಸೆ ಇದೆ ಎಂದು ಯಾರೂ ಹೇಳಲಾರರು.

ಇದರಿಂದ ಏನು ಸಿಗುತ್ತದೆ ಎಂಬುದಕ್ಕೆ ನಿಮ್ಮದೇ ವಿಷಯದ ಒಂದು ಉದಾಹರಣೆ ಕೊಡುತ್ತೇನೆ. ‘ಹುಡುಗಿ ಮಾವಿನಹಣ್ಣು ತಿಂದಳು’ ಎಂಬುದನ್ನು ಹಿಂದಿಯಲ್ಲಿ ಬರೆಯಿರಿ ಎಂದರೆ ನಿಮ್ಮ ಮಕ್ಕಳಲ್ಲಿ ಹೆಚ್ಚಿನವರು ‘ಲಡಕೀ ನೇ ಆಮ್ ಖಾಯೀ’ ಎಂದೇ ಬರೆಯುತ್ತಾರೆ. ನೀವು ಕೆಂಪು ಶಾಯಿಯಲ್ಲಿ ‘ಖಾಯಾ’ ಎಂದು ತಿದ್ದುತ್ತೀರಿ. ಮುಂದಿನ ವಾರ ಅದೇ ತಪ್ಪು. ಮಗು ಅಲಕ್ಷ್ಯದಿಂದ ಬರೆದದ್ದಲ್ಲ, ಕನ್ನಡದ ನಿಯಮವನ್ನು ನಿಷ್ಠೆಯಿಂದ ಪಾಲಿಸಿದೆ. ನಮ್ಮಲ್ಲಿ ತಿಂದವಳು ಹುಡುಗಿಯಾದರೆ ಕ್ರಿಯಾಪದ ಅವಳ ಹಿಂದೆ ಹೋಗುತ್ತದೆ. ಹಿಂದಿಯಲ್ಲಿ ‘ನೇ’ ಬಂದೊಡನೆ ಕ್ರಿಯಾಪದ ಹುಡುಗಿಯನ್ನು ಬಿಟ್ಟು ಹಣ್ಣಿನ ಹಿಂದೆ ಹೋಗುತ್ತದೆ. ಆಮ್ ಪುಲ್ಲಿಂಗ, ಆದ್ದರಿಂದ ಖಾಯಾ. ರೋಟೀ ಸ್ತ್ರೀಲಿಂಗ, ಆದ್ದರಿಂದ ತಿಂದವನು ಹುಡುಗನಾದರೂ ಖಾಯೀ.

ಇನ್ನು ನಾಲ್ಕು ತಾಲೂಕಿನ ನಾಲ್ಕು ಜನ ಇದೇ ವಾಕ್ಯದ ವಹಿಗಳನ್ನು ಮೇಜಿನ ಮೇಲೆ ಹರಡಿದರೆ ಏನಾಗುತ್ತದೆ ನೋಡಿ. ಮನೆಯಲ್ಲಿ ಮರಾಠಿ ಆಡುವ ಮಕ್ಕಳು ಈ ತಪ್ಪು ಕಡಿಮೆ ಮಾಡಿಯಾರು. ಏಕೆಂದರೆ ಮರಾಠಿಯಲ್ಲೂ ‘ಮುಲೀನೇ ಆಂಬಾ ಖಾಲ್ಲಾ’ ಎಂದೇ ಹೇಳುತ್ತಾರೆ, ಕ್ರಿಯಾಪದ ಅಲ್ಲಿಯೂ ಹಣ್ಣಿನ ಹಿಂದೆಯೇ. ಮನೆಯಲ್ಲಿ ದಖನಿ ಆಡುವ ಮಕ್ಕಳು ಮಾತಿನಲ್ಲಿ ಸರಾಗ, ಆದರೆ ಬರೆಯುವಾಗ ‘ನೇ’ಯನ್ನೇ ಬಿಡುತ್ತಾರೆ, ಅವರ ಮನೆಮಾತಿಗೆ ಅದು ಬೇಕಾಗಿಲ್ಲ. ಒಂದೇ ಪಾಠ, ಮನೆಮಾತು ಬೇರೆಯಾದಂತೆ ತಪ್ಪೂ ಬೇರೆ, ಮದ್ದೂ ಬೇರೆ. ನಿಮ್ಮ ತರಗತಿಯಲ್ಲಿ ಎಲ್ಲರೂ ಕನ್ನಡದ ಮನೆಯವರೇ ಆಗಿದ್ದರೆ ಇದು ನಿಮಗೆ ಒಬ್ಬರಿಗೇ ಎಂದೂ ಹೊಳೆಯದು. ಅಲ್ಲಿ ಯಾರಾದರೂ ಹೇಳಬಹುದು: ‘ನಾನು ಎಂಟನೇ ತರಗತಿಯಿಂದಲೇ ನಾಮಪದವನ್ನು ಒಂಟಿಯಾಗಿ ಕಲಿಸುವುದಿಲ್ಲ. ಅಚ್ಛಾ ಆಮ್, ಅಚ್ಛೀ ರೋಟೀ ಎಂದೇ ಬಾಯಿಪಾಠ ಮಾಡಿಸುತ್ತೇನೆ. ಲಿಂಗ ಪದದ ಜೊತೆಗೇ ಬಂದುಬಿಡುತ್ತದೆ.’ ಸೋಮವಾರವೇ ಬಳಸಬಹುದಾದ ಮಾತು ಅದು.

ಜಪಾನಿನ ಶಿಕ್ಷಕರಲ್ಲಿ ಮೇಜಿ ಚಕ್ರವರ್ತಿಯ ಕಾಲದಿಂದಲೂ ಇಂಥದ್ದೊಂದು ರೂಢಿ ಇದೆ. ಕೆಲವು ಶಿಕ್ಷಕರು ಸೇರಿ ಒಂದೇ ಪಾಠವನ್ನು ಯೋಚಿಸುತ್ತಾರೆ, ಒಬ್ಬರು ಕಲಿಸುತ್ತಾರೆ, ಉಳಿದವರು ಹಿಂದೆ ನಿಂತು ನೋಡುತ್ತಾರೆ. ಅವರು ನೋಡುವುದು ಮಕ್ಕಳನ್ನು: ಯಾವ ಮಗು ಎಲ್ಲಿ ತಡವರಿಸಿತು, ಯಾವ ಮಾತಿಗೆ ಮುಖ ಅರಳಿತು. ಆಮೇಲಿನ ಚರ್ಚೆಯೆಲ್ಲ ಪಾಠದ ಮೇಲೆ. ನೀವೂ ಈ ಒಂದು ಕಟ್ಟಳೆ ಇಟ್ಟುಕೊಳ್ಳಿ. ಶಿಕ್ಷಕರ ಗುಣದೋಷ ಎತ್ತುವಂತಿಲ್ಲ, ವಹಿಯಲ್ಲಿರುವುದನ್ನು ಮಾತ್ರ ಆಡಬೇಕು.

ಇನ್ನು ಸೇರುವುದು ಹೇಗೆ? ಕಿತ್ತೂರಿನವರನ್ನೂ ರಾಮದುರ್ಗದವರನ್ನೂ ತಿಂಗಳು ತಿಂಗಳು ಒಂದೆಡೆ ಕೂಡಿಸಹೋದರೆ ಎರಡನೇ ತಿಂಗಳಿಗೇ ನಿಲ್ಲುತ್ತದೆ, ದಾರಿ ಅಷ್ಟು ದೂರ. ಕಿತ್ತೂರು–ಬೈಲಹೊಂಗಲ ಒಂದು ಜೋಡಿ, ಸವದತ್ತಿ–ರಾಮದುರ್ಗ ಒಂದು ಜೋಡಿ ಮಾಡಿಕೊಳ್ಳಿ. ನಾಲ್ವರೂ ಕೂಡುವುದು ದಸರೆ ರಜೆಗೊಮ್ಮೆ, ಬೇಸಿಗೆ ರಜೆಗೊಮ್ಮೆ ಸಾಕು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಎರಡು ತಾಸು ಕೂತರೆ ‘ಅನ್ಯಕಾರ್ಯ ನಿಮಿತ್ತ’ (ಓಓಡಿ) ಅನುಮತಿ ಕೇಳುವ ಪ್ರಮೇಯವಿಲ್ಲ, ಭಾನುವಾರ ಮನೆಗೇ ಉಳಿಯುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ನಿಮಗೆ ಬಸ್ಸಿನ ಖರ್ಚೂ ಇಲ್ಲ. ಭಾರತ ಹುಣ್ಣಿಮೆಯ ಆಸುಪಾಸಿನ ಶನಿವಾರ ಮಾತ್ರ ಬಿಟ್ಟುಬಿಡಿ. ಯಲ್ಲಮ್ಮನ ಗುಡ್ಡದ ಜಾತ್ರೆಯ ಗದ್ದಲದಲ್ಲಿ ಸವದತ್ತಿ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಬ್ಬೊಬ್ಬರು ಐದೈದು ವಹಿ ತನ್ನಿ, ಒಂದೇ ಪಾಠದವು. ಮಕ್ಕಳ ಹೆಸರು ಮುಚ್ಚಿರಲಿ. ಮುಖ್ಯೋಪಾಧ್ಯಾಯರಿಗೆ ಒಂದು ಮಾತು ಮೊದಲೇ ತಿಳಿಸಿ, ಆಮೇಲೆ ಇಲ್ಲದ ಗುಲ್ಲು ಏಳುವುದಿಲ್ಲ.

ಅಷ್ಟು ದೂರ ಹೋಗುವ ಮೊದಲು ನಿಮ್ಮ ಸ್ಟಾಫ್ ರೂಮಿನಲ್ಲೇ ಒಬ್ಬರಿದ್ದಾರೆ, ಇಂಗ್ಲಿಷ್ ಮಾಸ್ತರರು. ‘ಐ ಬೈಲಹೊಂಗಲ್ ವೆಂಟ್’ ಎಂದು ಬರೆಯುವ ಹುಡುಗನೇ ನಿಮ್ಮಲ್ಲಿ ‘ಖಾಯೀ’ ಬರೆಯುತ್ತಾನೆ. ಎರಡರ ಬೇರೂ ಅವನ ಕನ್ನಡದಲ್ಲಿದೆ. ಹಿಂದಿಯ ಪದಕ್ರಮ ಕನ್ನಡದ್ದೇ ಆದ್ದರಿಂದ ಅಲ್ಲಿ ಅವನು ಎಡವುವುದಿಲ್ಲ, ಇಂಗ್ಲಿಷಿನಲ್ಲಿ ಎಡವುತ್ತಾನೆ. ಕನ್ನಡ ಶಿಕ್ಷಕರನ್ನೂ ಸೇರಿಸಿಕೊಂಡು ಮೂವರೂ ಅವನ ಮೂರು ವಹಿಗಳನ್ನು ಒಮ್ಮೆ ಅಕ್ಕಪಕ್ಕ ಇಟ್ಟು ನೋಡಿ.

ಅಭ್ಯಾಸ ಹಾಳೆ ಕದ್ದವರ ವಿಚಾರ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಇನ್ನು ಮುಂದೆ ಹಾಳೆಯ ಕೆಳಗೆ ನಿಮ್ಮ ಹೆಸರು, ಶಾಲೆ, ದಿನಾಂಕ ಅಚ್ಚು ಮಾಡಿಯೇ ಕಳಿಸಿ. ಅವರಿಗೆ ಒಮ್ಮೆ ಫೋನ್ ಮಾಡಿ, ‘ಸರ್, ಆ ಹಾಳೆ ನಾನು ಮಾಡಿದ್ದು, ಮುಂದಿನ ಸಲ ಹೆಸರು ಇರಲಿ’ ಎಂದು ಮರ್ಯಾದೆಯಿಂದಲೇ ಹೇಳಿ. ಗುಂಪಿನಲ್ಲಿ ಎಲ್ಲರೆದುರು ಕೆದಕಬೇಡಿ. ಹಾಳೆ ಹೋದರೂ, ಈ ಮಗು ಇಲ್ಲಿ ಯಾಕೆ ತಪ್ಪಿತು ಎಂದು ಕಾಣುವ ನಿಮ್ಮ ಕಣ್ಣು ಯಾರ ಪಾಲೂ ಆಗುವುದಿಲ್ಲ.

ಸರ್ಕಾರಿ ತರಬೇತಿಯನ್ನು ಪೂರ್ತಿ ತಳ್ಳಿಹಾಕಬೇಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆ ವೃತ್ತಿಪರ ಕಲಿಕೆ ಇರಬೇಕೆನ್ನುತ್ತದೆ. ಆ ಗಂಟೆಗಳು ಹೇಗೂ ಬರುತ್ತವೆ, ಹೋಗುವಾಗ ಕೈಯಲ್ಲೊಂದು ಪ್ರಶ್ನೆ ಇಟ್ಟುಕೊಂಡು ಹೋಗಿ. ನಿಮ್ಮ ಗುಂಪು ಆರು ತಿಂಗಳು ನಡೆದ ಮೇಲೆ ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ನವರಿಗೆ ‘ನಮ್ಮ ನಾಲ್ಕು ತಾಲೂಕಿನ ಮಕ್ಕಳಿಗೆ ಕಷ್ಟವಾಗುವ ಪಾಠಗಳು ಇವು, ಇದರ ಮೇಲೆ ತರಬೇತಿ ಕೊಡಿ’ ಎಂದು ಬರೆದುಕೊಡಬಹುದು. ದಕ್ಷಿಣ ಭಾರತ ಹಿಂದಿ ಪ್ರಚಾರ ಸಭಾದ ಕರ್ನಾಟಕ ಶಾಖೆ ನಿಮಗೆ ಹತ್ತಿರದ ಧಾರವಾಡದಲ್ಲೇ ಇದೆ. ಆಗ್ರಾದ ಕೇಂದ್ರೀಯ ಹಿಂದಿ ಸಂಸ್ಥಾನಕ್ಕೆ ಮೈಸೂರಿನಲ್ಲೂ ಕೇಂದ್ರವಿದೆ. ಇಂಗ್ಲಿಷಿನ ಗೆಳೆಯರಿಗೆ 1963ರಿಂದ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ.

ನಿಮ್ಮ ಆಸೆ ಈ ಸೀಮೆಗೆ ಹೊಸದೂ ಅಲ್ಲ. ಮುಂಬೈ ಪ್ರಾಂತದ ಕಾಲದಲ್ಲಿ, ಮರಾಠಿಯ ಪ್ರಾಬಲ್ಯದ ನಡುವೆ ಇಲ್ಲಿ ಕನ್ನಡ ಶಾಲೆಗಳನ್ನು ಕಟ್ಟಿದ ಡೆಪ್ಯುಟಿ ಚನ್ನಬಸಪ್ಪನವರು ಶಾಲೆ ತೆರೆದು ಕೈತೊಳೆದುಕೊಳ್ಳಲಿಲ್ಲ. ಮಾಸ್ತರರಿಗಾಗಿ ‘ಮಠಪತ್ರಿಕೆ’ಯನ್ನೂ ನಡೆಸಿದರು. ಮುಂದೆ ವೆಂಕಟ ರಂಗೋ ಕಟ್ಟಿಯವರು ‘ಶಾಲಾಪತ್ರಿಕೆ’ಯ ಸಂಪಾದಕರಾದರು. ಹಳ್ಳಿಯ ಒಂಟಿ ಶಿಕ್ಷಕನಿಗೆ ಇನ್ನೊಬ್ಬ ಶಿಕ್ಷಕನ ಮಾತು ತಲುಪಬೇಕು ಎಂಬುದು ಆಗಲೇ ಅವರಿಗೆ ತಿಳಿದಿತ್ತು.

ಮುಂದಿನ ಶನಿವಾರಕ್ಕೆ ರಾಮದುರ್ಗದ ಒಬ್ಬರನ್ನು ಕರೆಯಿರಿ. ಬರುವವರು ಅವರೊಬ್ಬರೇ ಆದರೂ ಸಭೆ ನಡೆಯಲಿ. ನಕ್ಕ ಮಾಸ್ತರರಿಗೂ ಹೇಳಿಕಳಿಸಿ. ಇಪ್ಪತ್ತು ವರ್ಷ ಕಲಿಸಿದವರ ಬಳಿ ಸೋತ ಪಾಠಗಳ ದೊಡ್ಡ ಲೆಕ್ಕವೇ ಇರುತ್ತದೆ, ಅದು ನಿಮ್ಮೆಲ್ಲರಿಗೂ ಬೇಕು.